ಹಗ್ಗವೋ ಹಾವೋ: ಕಡಲ ತಳದ ಸ್ಫೋಟಕ ಹುಡುಕುವವರ ಕಷ್ಟ

ಪ್ರಶ್ನೆ: ನಾವು ನಾಲ್ವರು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು. ನೀರಿನಡಿ ಬಿದ್ದಿರುವ ಹಳೆಯ ಬಾಂಬ್, ಹಡಗು ಮುಳುಗಿಸಲು ಇಡುವ ಮೈನ್‌ಗಳನ್ನು ಹುಡುಕುವ ಸಣ್ಣ ಡ್ರೋನ್ ಮಾಡಬೇಕು ಅಂತಿದ್ದೇವೆ. ಒಳ್ಳೆಯ ಕ್ಯಾಮೆರಾ ಹಾಕಿ, ಚಿತ್ರ ಗುರುತಿಸುವ ಎಐ ಕೂರಿಸಿದರೆ ಸಾಕಲ್ವಾ? ಚಂದ್ರನ ಮೇಲಿನ ಕಲ್ಲುಗಳ ಫೋಟೋ ತೆಗೆಯುವ ಕಾಲದಲ್ಲಿ ಇದು ಇನ್ನೂ ಯಾಕೆ ಕಷ್ಟ? ಸಿಕ್ಕಿದ ಮೇಲೆ ಅಲ್ಲೇ ಸಿಡಿಸಿಬಿಟ್ಟರೆ ಏನು ತೊಂದರೆ?

ಉತ್ತರ: ಕ್ಯಾಮೆರಾ ಸಾಕಾಗುವುದಿಲ್ಲ. ಇಷ್ಟು ನೇರವಾಗಿ ಹೇಳಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಈ ಕೆಲಸಕ್ಕೆ ಇಳಿಯುವ ಹೊಸಬರಲ್ಲಿ ಹೆಚ್ಚಿನವರು ಕ್ಯಾಮೆರಾದಿಂದಲೇ ಶುರು ಮಾಡುತ್ತಾರೆ. ನಮಗೆ ನೋಡುವುದು ಅಂದರೆ ಕಣ್ಣಿಂದ ನೋಡುವುದು ಅಂತಲೇ ರೂಢಿ. ನೀರಿನಡಿ ಆ ರೂಢಿ ನಡೆಯುವುದಿಲ್ಲ.

ನಿಮ್ಮ ಚಂದ್ರನ ಮಾತನ್ನೇ ತೆಗೆದುಕೊಳ್ಳೋಣ. ಚಂದ್ರ ಸುಮಾರು 3.84 ಲಕ್ಷ ಕಿಲೋಮೀಟರ್ ದೂರ ಇದ್ದಾನೆ ನಿಜ. ಆದರೆ ನಡುವೆ ಇರುವುದು ಹೆಚ್ಚುಕಮ್ಮಿ ಖಾಲಿ ಜಾಗ. ಬೆಳಕು, ರೇಡಿಯೋ ಅಲೆ ಎರಡೂ ಅಡ್ಡಿಯಿಲ್ಲದೆ ಓಡಾಡುತ್ತವೆ. ಕಡಲಲ್ಲಿ 20 ಮೀಟರ್ ಕೆಳಗಿಳಿದರೆ ಸಾಕು, ಕಥೆಯೇ ಬೇರೆ. ಉಪ್ಪುನೀರು ರೇಡಿಯೋ ಅಲೆಯನ್ನು ನುಂಗಿಬಿಡುತ್ತದೆ. ಹಾಗಾಗಿ ಅಲ್ಲಿ ಜಿಪಿಎಸ್ ಇಲ್ಲ, ವೈಫೈ ಇಲ್ಲ. ಬೆಳಕು ಕೆಸರಿನ ಕಣಗಳಿಗೆ ಬಡಿದು ಚದುರಿ ಹೋಗುತ್ತದೆ. ನದಿ ಸೇರುವ ಕಡೆ, ಬಂದರಿನ ಬಾಯಲ್ಲಿ ಕೈ ಚಾಚಿದರೆ ಬೆರಳು ಕಾಣದಷ್ಟು ನೀರು ಕಲಕಿರುತ್ತದೆ. ಯುದ್ಧಕಾಲದಲ್ಲಿ ಮೈನ್ ಹಾಕಿದ್ದೂ, ಬಾಂಬ್ ಸುರಿದದ್ದೂ ಬಹಳ ಸಲ ಇಂಥ ಜಾಗಗಳಿಗೇ. ಲೈಟ್ ಜೋರು ಮಾಡಿದರೆ ಮಂಜಿನಲ್ಲಿ ಕಾರಿನ ಹೈಬೀಮ್ ಹಾಕಿದ ಹಾಗೆ, ಎದುರಿಗೆ ಬರೀ ಬಿಳಿ ಗೋಡೆ.

ಹೋಗಲಿ, ನೀರು ತಿಳಿಯಾಗಿದೆ ಅಂತಲೇ ಇಟ್ಟುಕೊಳ್ಳಿ. ಆ ವಸ್ತು ಬಾಂಬಿನ ಹಾಗೆ ಕಾಣಬೇಕಲ್ಲ? 80 ವರ್ಷ ಕಡಲಲ್ಲಿ ಬಿದ್ದ ಕಬ್ಬಿಣಕ್ಕೆ ತುಕ್ಕು ಹಿಡಿದಿರುತ್ತದೆ, ಮೈತುಂಬ ಚಿಪ್ಪು ಕೂತಿರುತ್ತದೆ, ಅರ್ಧ ಮರಳಲ್ಲಿ ಹೂತಿರುತ್ತದೆ. ಎಷ್ಟೋ ಸಲ ಪೂರ್ತಿಯೇ ಹೂತಿರುತ್ತದೆ. ನಿಮ್ಮ ಎಐ ತರಬೇತಿ ಪಡೆಯುವುದು ಮ್ಯೂಸಿಯಂನಲ್ಲಿ ಬಣ್ಣ ಹೊಡೆದು ಇಟ್ಟ ಮೈನ್ ಫೋಟೋಗಳಿಂದ. ಕೆಳಗೆ ಸಿಗುವುದು ಬಂಡೆಯಂಥ ಒಂದು ಉಬ್ಬು. ಎರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಈ ರಾಶಿ ಎಷ್ಟಿದೆ ಅನ್ನುವ ಅಂದಾಜು ಇರಲಿ. ಜರ್ಮನಿಯ ಕಡಲ ಭಾಗದಲ್ಲಿ ಮಾತ್ರ, ಉತ್ತರ ಸಮುದ್ರ ಮತ್ತು ಬಾಲ್ಟಿಕ್ ಸೇರಿ, ಸುಮಾರು 16 ಲಕ್ಷ ಟನ್ ಹಳೆಯ ಮದ್ದುಗುಂಡು ಬಿದ್ದಿದೆ ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಇದರಲ್ಲಿ ಯುದ್ಧದಲ್ಲಿ ಬಿದ್ದದ್ದಕ್ಕಿಂತ, 1945ರ ನಂತರ ಬೇಡ ಅಂತ ತಂದು ಸುರಿದದ್ದೇ ಜಾಸ್ತಿ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ನಡುವಿನ ಬೋಫರ್ಟ್ಸ್ ಡೈಕ್ ಎಂಬ ಕಡಲ ಕಂದಕಕ್ಕೂ ಹತ್ತು ಲಕ್ಷ ಟನ್‌ಗಿಂತ ಹೆಚ್ಚು ಸುರಿದಿದ್ದಾರೆ. ಸುರಿಯಬೇಕಾದ ಜಾಗ ನಕ್ಷೆಯಲ್ಲಿ ಗುರುತಾಗಿತ್ತು. ಆದರೆ ಹವಾಮಾನ ಕೆಟ್ಟಿತು, ಬೇಗ ಮನೆಗೆ ಹೋಗಬೇಕು ಅಂತ ದಾರಿಯಲ್ಲೇ ಸುರಿದು ಬಂದ ದೋಣಿಗಳು ಎಷ್ಟೋ. ಹಾಗಾಗಿ ಹಳೆಯ ದಾಖಲೆ ನಂಬಿ ಹುಡುಕುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಹಾಗಾದರೆ ನೀರಿನಡಿ ಏನು ಕೆಲಸ ಮಾಡುತ್ತದೆ? ಮುಖ್ಯವಾಗಿ ಎರಡು: ಶಬ್ದ ಮತ್ತು ಕಾಂತ.

ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಬಹಳ ದೂರ ಹೋಗುತ್ತದೆ. ಸೈಡ್‌ಸ್ಕ್ಯಾನ್ ಸೋನಾರ್ ಎಡಬಲಕ್ಕೆ ಶಬ್ದ ಬೀಸಿ, ಮರಳಿ ಬಂದ ಪ್ರತಿಧ್ವನಿಯಿಂದ ತಳದ ಚಿತ್ರ ಬಿಡಿಸುತ್ತದೆ. ಈ ಚಿತ್ರ ಓದುವವರು ವಸ್ತುವಿಗಿಂತ ಜಾಸ್ತಿ ಅದರ ನೆರಳು ನೋಡುತ್ತಾರೆ. ಶಬ್ದ ತಲುಪದ ಕಪ್ಪು ಜಾಗವೇ ಆ ನೆರಳು. ಸಂಜೆ ಬಿಸಿಲಲ್ಲಿ ಮೊಳಕಾಲೆತ್ತರದ ಕಲ್ಲಿಗೂ ಉದ್ದ ನೆರಳು ಬೀಳುತ್ತದಲ್ಲ, ಹಾಗೆ. ನೆರಳಿನ ಉದ್ದದಿಂದ ಎತ್ತರ ಲೆಕ್ಕ ಹಾಕಬಹುದು, ಅಂಚಿನಿಂದ ಆಕಾರ ಊಹಿಸಬಹುದು.

ಇಲ್ಲೊಂದು ಚೌಕಾಸಿ ಇದೆ. ಶಬ್ದದ ಆವರ್ತನ ಹೆಚ್ಚಿಸಿದರೆ ಚಿತ್ರ ಸ್ಪಷ್ಟ, ಆದರೆ ಶಬ್ದ ಬೇಗ ಸಾಯುತ್ತದೆ. 100 ಕಿಲೋಹರ್ಟ್ಸ್ ಸೋನಾರ್ ನೂರಾರು ಮೀಟರ್ ನೋಡುತ್ತದೆ, ಮಂಜುಮಂಜಾಗಿ. 900 ಕಿಲೋಹರ್ಟ್ಸ್ ಚೆಂದದ ಚಿತ್ರ ಕೊಡುತ್ತದೆ, ಕೆಲವು ಹತ್ತು ಮೀಟರ್ ಅಷ್ಟೇ. ಈ ಚೌಕಾಸಿಯನ್ನು ಮೀರಿದ್ದು ಸಿಂಥೆಟಿಕ್ ಅಪರ್ಚರ್ ಸೋನಾರ್. ವಾಹನ ಮುಂದೆ ಹೋಗುತ್ತಾ ಕೇಳಿದ ಹಲವು ಪ್ರತಿಧ್ವನಿಗಳನ್ನು ಸೇರಿಸಿ, ಅಷ್ಟುದ್ದದ ಒಂದೇ ದೊಡ್ಡ ಸೋನಾರ್ ಇದ್ದ ಹಾಗೆ ಲೆಕ್ಕ ಕಟ್ಟುತ್ತದೆ. ನೂರು ಮೀಟರ್ ಆಚೆಗೂ ಕೆಲವೇ ಸೆಂಟಿಮೀಟರ್‌ನಷ್ಟು ಸೂಕ್ಷ್ಮ ಸಿಗುತ್ತದೆ. ಈ ಕ್ಷೇತ್ರದಲ್ಲಿ ಇತ್ತೀಚಿನ ದಶಕಗಳ ಅತಿ ದೊಡ್ಡ ಜಿಗಿತ ಯಾವುದು ಅಂತ ಕೇಳಿದರೆ ನಾನು ಎಐ ಅನ್ನುವುದಿಲ್ಲ, ಇದನ್ನೇ ಹೇಳುತ್ತೇನೆ.

ಆದರೆ ಮರಳಲ್ಲಿ ಹೂತದ್ದಕ್ಕೆ ಈ ಸೋನಾರ್ ಕೂಡ ಹೆಚ್ಚುಕಮ್ಮಿ ಕುರುಡು. ಆಗ ಬರುವುದು ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್. ಭೂಮಿಯ ಕಾಂತಕ್ಷೇತ್ರ ಜಾಗಕ್ಕೆ ತಕ್ಕ ಹಾಗೆ 25 ಸಾವಿರದಿಂದ 65 ಸಾವಿರ ನ್ಯಾನೋಟೆಸ್ಲಾ. ಹೂತ ಕಬ್ಬಿಣ ಅದರಲ್ಲಿ ಒಂದು ಚಿಕ್ಕ ಸುಕ್ಕು ಮೂಡಿಸುತ್ತದೆ. ಐದು ಹತ್ತು ನ್ಯಾನೋಟೆಸ್ಲಾ ಸುಕ್ಕನ್ನೂ ಸರ್ವೆ ಮಾಡುವವರು ಅನುಮಾನದಿಂದ ನೋಡುತ್ತಾರೆ. ಕಷ್ಟ ಏನೆಂದರೆ, ಈ ಸುಕ್ಕು ದೂರದ ಘನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ದೂರ ಎರಡು ಪಟ್ಟಾದರೆ ಸಂಕೇತ ಎಂಟನೇ ಒಂದು ಭಾಗ. ಹಾಗಾಗಿ ದೋಣಿ ಮೇಲೆ ಕೂತು ಅಳೆದರೆ ಏನೂ ಸಿಗದು. ಸೆನ್ಸರನ್ನು ತಳದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ, ಬಂಡೆಗೆ ಬಡಿಯದ ಹಾಗೆ, ಹತ್ತಿರ ಹತ್ತಿರ ಸಾಲಿನಲ್ಲಿ ಓಡಾಡಿಸಬೇಕು. ಗದ್ದೆ ಉತ್ತ ಹಾಗೆ.

ನಿಮ್ಮ ಡ್ರೋನ್ ಇಲ್ಲಿ ಇನ್ನೊಂದು ಪೆಟ್ಟು ತಿನ್ನುತ್ತದೆ. ಅದರ ಮೋಟಾರಿನಲ್ಲೇ ಬಲವಾದ ಕಾಂತ ಇದೆಯಲ್ಲ! ಮೋಟಾರ್, ಬ್ಯಾಟರಿಯ ವೈರು, ಕಡೆಗೆ ಉಕ್ಕಿನ ಸ್ಕ್ರೂಗಳೂ ಗದ್ದಲ ಮಾಡುತ್ತವೆ. ಅದಕ್ಕೇ ಸೆನ್ಸರನ್ನು ಬಾಲದ ಹಾಗೆ ಹಿಂದೆ ದೂರದಲ್ಲಿ ಎಳೆದುಕೊಂಡು ಹೋಗುತ್ತಾರೆ. ಡಬ್ಬದೊಳಗೆ ಎಲ್ಲ ಒಟ್ಟಿಗೆ ತುರುಕಿದ ವಿನ್ಯಾಸ ನೋಡಲು ಮುದ್ದಾಗಿರುತ್ತದೆ. ಅಳೆಯುವುದು ಮಾತ್ರ ತನ್ನನ್ನೇ.

ಇಷ್ಟಾದರೂ ತಪ್ಪಿಸಿಕೊಳ್ಳುವವು ಇವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಬಿಟ್ಟ ಎಲ್‌ಎಂಬಿ ಮೈನ್‌ನ ಹೊರಕವಚ ಅಲ್ಯೂಮಿನಿಯಂ. ಕಾಂತಕ್ಕೆ ಅದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದಕ್ಕೆ ವಿದ್ಯುತ್ಕಾಂತೀಯ ಪ್ರೇರಣೆಯ ಸೆನ್ಸರ್ ಬೇಕು. ಅದು ಲೋಹದಲ್ಲಿ ಒಂದು ಕ್ಷಣ ಸುಳಿಯಂಥ ವಿದ್ಯುತ್ ಪ್ರವಾಹ ಎಬ್ಬಿಸಿ, ಅದು ಆರುವುದನ್ನು ಕೇಳುತ್ತದೆ. ಇದರ ಕೈ ಇನ್ನೂ ಗಿಡ್ಡ. ಕುರುಡರು ಆನೆ ಮುಟ್ಟಿದ ಹಾಗೆ ಒಂದೊಂದು ಸೆನ್ಸರ್ ಒಂದೊಂದು ಹೇಳುತ್ತದೆ. ನಾವು ಎಲ್ಲ ಕೂಡಿಸಿ ಆನೆ ಮಾಡಬೇಕು.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಏನೋ ಇದೆ ಅಂತ ಪತ್ತೆ ಹಚ್ಚುವುದು ಇವತ್ತು ಅಷ್ಟೊಂದು ಕಷ್ಟವಲ್ಲ. ಅದು ಬಾಂಬ್ ಅಲ್ಲ ಅಂತ ಧೈರ್ಯವಾಗಿ ಹೇಳುವುದು ಕಷ್ಟ. ಸರ್ವೆ ಮಾಡಿದ ಒಂದು ಜಾಗದಲ್ಲಿ ನೂರಾರು ಅನುಮಾನದ ಚುಕ್ಕಿಗಳು ಬರುತ್ತವೆ. ಲಂಗರು, ಸರಪಳಿ, ಎಣ್ಣೆ ಪೀಪಾಯಿ, ತುಂಡಾದ ಕೇಬಲ್, ಮೀನು ಬಲೆಯ ಭಾರ. ಪ್ರತಿ ಚುಕ್ಕಿಗೂ ಮುಳುಗುಗಾರನನ್ನೋ ರೋಬಾಟನ್ನೋ ಇಳಿಸಿ, ಮರಳು ಸರಿಸಿ ನೋಡಬೇಕು. ಬಹುತೇಕ ಸಲ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ದುಡ್ಡು, ದಿನ ಎಲ್ಲ ಹೋಗುವುದು ಈ ಇಲಿಗಳಿಗೆ. ಹಗ್ಗವನ್ನು ಹಾವು ಅಂದುಕೊಂಡರೆ ನಷ್ಟ ದುಡ್ಡಿಗೆ, ಹಾವನ್ನು ಹಗ್ಗ ಅಂದುಕೊಂಡರೆ ಜೀವಕ್ಕೆ. ನಿಮ್ಮ ಎಐ 95 ಶೇಕಡಾ ಸರಿ ಹೇಳುತ್ತದೆ ಅಂದರೆ ಈ ಕ್ಷೇತ್ರದವರು ಮೊದಲು ಕೇಳುವುದು, ಉಳಿದ ಐದು ಯಾವ ಕಡೆಯ ತಪ್ಪು ಅಂತ.

ಎಐಗೆ ಇನ್ನೊಂದು ಕೊರತೆ ಇದೆ. ನಿಜವಾದ ಬಾಂಬಿನ ಮಾದರಿಗಳು ತೀರಾ ಕಡಿಮೆ, ಕಸದ ಮಾದರಿ ಬೇಕಾದಷ್ಟು. ಸೈನ್ಯಗಳು ಮೈನ್ ಬೇಟೆಯ ಚಿತ್ರಗಳನ್ನು ಹಂಚಿಕೊಳ್ಳುವುದಿಲ್ಲ. ಒಂದು ಕಡಲಿನ ಮರಳಲ್ಲಿ ಕಲಿತದ್ದು ಇನ್ನೊಂದು ಕಡಲಿನ ಕೆಸರಲ್ಲಿ ತಲೆಕೆಳಗಾಗುತ್ತದೆ. ಇದೇ ಕೆಲಸವನ್ನು ಡಾಲ್ಫಿನ್‌ಗಳು ಚೆನ್ನಾಗಿ ಮಾಡುತ್ತವೆ ಅನ್ನುವುದು ನಮ್ಮಂಥವರ ಅಹಂಕಾರಕ್ಕೆ ಒಳ್ಳೆಯ ಮದ್ದು. ಹೂತ ಮೈನ್‌ಗಳನ್ನೂ ಅವು ತಮ್ಮ ಕ್ಲಿಕ್ ಶಬ್ದದಿಂದ ಗುರುತಿಸುತ್ತವೆ. ಅಮೆರಿಕದ ನೌಕಾಪಡೆ 2003ರಲ್ಲಿ ಇರಾಕಿನ ಉಮ್ ಕಸರ್ ಬಂದರಿನಲ್ಲಿ ಡಾಲ್ಫಿನ್‌ಗಳನ್ನೂ ರೀಮಸ್ ಎಂಬ ಸ್ವಯಂಚಾಲಿತ ವಾಹನವನ್ನೂ ಒಂದೇ ಕಾರ್ಯಾಚರಣೆಯಲ್ಲಿ ಬಳಸಿತು.

ಜಾಗ ಗುರುತಿಸುವ ತಲೆನೋವನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಜಿಪಿಎಸ್ ಇಲ್ಲದ ವಾಹನ ತನ್ನ ವೇಗ, ತಿರುವು ಕೂಡಿಸಿ ಕೂಡಿಸಿ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಒಳ್ಳೆಯ ಉಪಕರಣ ಇದ್ದರೂ ಕಿಲೋಮೀಟರಿಗೆ ಒಂದು ಮೀಟರ್ ಆಸುಪಾಸು ತಪ್ಪು ಸೇರುತ್ತಾ ಹೋಗುತ್ತದೆ. ಹತ್ತು ಕಿಲೋಮೀಟರ್ ಸಾಲು ಓಡಿದ ಮೇಲೆ ಅನುಮಾನದ ಚುಕ್ಕಿ ಹತ್ತು ಮೀಟರ್ ಪಕ್ಕಕ್ಕೆ ಬಿದ್ದಿರಬಹುದು. ಮಾರನೇ ದಿನ ಇಳಿದ ರೋಬಾಟ್ ಬೇರೆಯೇ ಕಬ್ಬಿಣ ನೋಡಿ "ಇದು ಪೀಪಾಯಿ" ಅಂತ ಬರೆದುಕೊಂಡು ಬಂದರೆ? ನಿಜವಾದದ್ದು ಅಲ್ಲೇ ಪಕ್ಕದಲ್ಲಿ, ಪಟ್ಟಿಯಿಂದ ಹೊರಗೆ.

ಸಿಕ್ಕಿದ್ದು ಬಾಂಬೇ ಅಂತ ಖಾತ್ರಿಯಾದ ಮೇಲೆ ಏನು? ಇಲ್ಲಿ ಒಂದು ಹಳೆಯ ಘಟನೆ ನೆನಪಾಗುತ್ತದೆ. 1939ರ ನವೆಂಬರ್‌ನಲ್ಲಿ ಜರ್ಮನಿಯ ಹೊಸ ಮೈನ್‌ಗಳು ಬ್ರಿಟಿಷ್ ಹಡಗುಗಳನ್ನು ಮುಟ್ಟದೆಯೇ ಮುಳುಗಿಸುತ್ತಿದ್ದವು. ಹೇಗೆ ಅಂತ ಖಚಿತವಾಗಿ ತಿಳಿಯುತ್ತಿರಲಿಲ್ಲ. 22ರ ರಾತ್ರಿ ವಿಮಾನವೊಂದು ಇಂಗ್ಲೆಂಡಿನ ಷೂಬರಿನೆಸ್ ಬಳಿಯ ಕೆಸರು ದಂಡೆಗೆ ಅಂಥ ಮೈನ್ ಬೀಳಿಸಿತು. ನೀರು ಇಳಿದಾಗ ಅದು ಬಯಲಾಯಿತು. ಜಾನ್ ಔವ್ರಿ ಎಂಬ ನೌಕಾ ಅಧಿಕಾರಿ ಕಾಂತಕ್ಕೆ ಸಿಗದ ಲೋಹದ ಉಪಕರಣ ಮಾಡಿಸಿಕೊಂಡು ಮರುದಿನ ಅದನ್ನು ಬಿಚ್ಚಿದರು. ಒಳಗೆ ಸಿಕ್ಕಿದ್ದು ಹಡಗಿನ ಕಾಂತಕ್ಷೇತ್ರಕ್ಕೆ ಎಚ್ಚರಗೊಳ್ಳುವ ಯಂತ್ರ. ಆ ಒಂದು ಮೈನ್‌ನಿಂದಲೇ ಹಡಗುಗಳ ಕಾಂತವನ್ನು ತಗ್ಗಿಸುವ ಡಿಗಾಸಿಂಗ್ ಪದ್ಧತಿ ಬೇಗ ಹರಡಿತು. ಅದೇ ಕಾರಣಕ್ಕೆ ಮೈನ್ ಬೇಟೆಯ ಹಡಗುಗಳನ್ನು ಮರದಿಂದ, ಆಮೇಲೆ ಗಾಜುನಾರಿನಿಂದ ಕಟ್ಟಿದರು. ಈಗ ಹಡಗೇ ಹತ್ತಿರ ಹೋಗದ ಹಾಗೆ ಮಾಡುವ ಕಾಲ. ಸೀಫಾಕ್ಸ್‌ನಂಥ ಸಣ್ಣ ವಾಹನ ಸುಮಾರು 1.4 ಕಿಲೋ ಸ್ಫೋಟಕ ಹೊತ್ತು ಹೋಗಿ, ಗುರಿ ನೋಡಿ, ತನ್ನ ಜೊತೆಗೇ ಸಿಡಿಸುತ್ತದೆ.

ಅಲ್ಲೇ ಸಿಡಿಸಿದರೆ ಏನು ಅಂತ ಕೇಳಿದಿರಿ. ದಶಕಗಳ ಕಾಲ ಎಲ್ಲರೂ ಮಾಡಿದ್ದು ಅದನ್ನೇ. ಬೇಗ ಆಗುತ್ತದೆ, ಖರ್ಚು ಕಡಿಮೆ, ಯಾರೂ ಬಾಂಬ್ ಮುಟ್ಟಬೇಕಿಲ್ಲ. ಆದರೆ ನೀರು ಗಾಳಿಯ ಹಾಗೆ ಹೊಡೆತವನ್ನು ಹೀರಿಕೊಳ್ಳುವುದಿಲ್ಲ. ಅದು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಸುಲಭವಾಗಿ ಕುಗ್ಗುವುದೂ ಇಲ್ಲ. ಒತ್ತಡದ ಅಲೆ ದೂರ ದೂರಕ್ಕೆ ಹೋಗುತ್ತದೆ. ಮೀನಿನ ಗಾಳಿಚೀಲ, ಪ್ರಾಣಿಗಳ ಶ್ವಾಸಕೋಶ, ಕಿವಿ, ಅಂದರೆ ಗಾಳಿ ಇರುವ ಅಂಗಗಳನ್ನು ಅದು ಹರಿದುಹಾಕುತ್ತದೆ. 2019ರ ಆಗಸ್ಟ್‌ನಲ್ಲಿ ಬಾಲ್ಟಿಕ್‌ನ ಫೆಹ್ಮಾರ್ನ್ ಬೆಲ್ಟ್‌ನಲ್ಲಿ ಎರಡನೇ ಮಹಾಯುದ್ಧದ 42 ಬ್ರಿಟಿಷ್ ಮೈನ್‌ಗಳನ್ನು ಸಿಡಿಸಿದರು. ಮುಂದಿನ ವಾರಗಳಲ್ಲಿ ಪೋರ್ಪಸ್ ಎಂಬ, ಡಾಲ್ಫಿನ್‌ಗೆ ಹತ್ತಿರದ ಪ್ರಾಣಿಗಳು ಸತ್ತು ತೀರಕ್ಕೆ ಬಂದವು. ಪರೀಕ್ಷೆ ಮಾಡಿದಾಗ ಹಲವುಗಳಲ್ಲಿ ಸ್ಫೋಟದ ಗಾಯ ಕಂಡಿತು. ಪೋರ್ಪಸ್‌ಗೆ ಕಿವಿ ಹೋದರೆ ಕಣ್ಣೇ ಹೋದ ಹಾಗೆ, ಬೇಟೆ ಹುಡುಕುವುದೇ ಅದರಿಂದ.

ಹಾಗಾಗಿ ಗುಳ್ಳೆ ಪರದೆ ಬಂತು. ತೂತು ಮಾಡಿದ ಕೊಳವೆಯನ್ನು ಬಾಂಬಿನ ಸುತ್ತ ದೊಡ್ಡ ವೃತ್ತವಾಗಿ ತಳದಲ್ಲಿ ಹಾಸಿ, ಕಂಪ್ರೆಸರ್‌ನಿಂದ ಗಾಳಿ ತುಂಬುತ್ತಾರೆ. ಏಳುವ ಗುಳ್ಳೆಗಳ ಗೋಡೆ ಅಲೆಯ ಸೊಕ್ಕು ಮುರಿಯುತ್ತದೆ. ಉಪಾಯ ಸರಳ, ಒಳ್ಳೆಯದು. ಆದರೆ ಹರಿವು ಜೋರಾದರೆ ಪರದೆ ಓರೆಯಾಗುತ್ತದೆ, ಆಳ ಹೆಚ್ಚಾದರೆ ಗಾಳಿ ತಳ್ಳಲು ಯಂತ್ರಗಳ ಸೈನ್ಯವೇ ಬೇಕು.

ಇನ್ನೊಂದು ದಾರಿ ಬಾಂಬನ್ನು ಸಿಡಿಸದೆ ಸುಡುವುದು. ಇದಕ್ಕೆ ಡಿಫ್ಲಾಗ್ರೇಷನ್ ಅನ್ನುತ್ತಾರೆ. ಸಣ್ಣ ಚಾರ್ಜ್ ಒಂದು ಕವಚವನ್ನು ಚುಚ್ಚಿ ಒಳಗಿನ ಮದ್ದಿಗೆ ಬೆಂಕಿ ಹಚ್ಚುತ್ತದೆ. ಮದ್ದು ಶಬ್ದಕ್ಕಿಂತ ನಿಧಾನವಾಗಿ ಉರಿದು, ಕವಚ ಬಿರಿದು ಮುಗಿಯುತ್ತದೆ. ಬ್ರಿಟನ್‌ನಲ್ಲಿ ನಡೆದ ಅಳತೆಗಳಲ್ಲಿ, ಪೂರ್ತಿ ಸ್ಫೋಟಕ್ಕೆ ಹೋಲಿಸಿದರೆ ಶಬ್ದ 20 ಡೆಸಿಬೆಲ್‌ಗಿಂತ ಹೆಚ್ಚು ಇಳಿದದ್ದು ಕಂಡಿದೆ. ಒತ್ತಡದ ಲೆಕ್ಕದಲ್ಲಿ ಅದು ಹತ್ತನೇ ಒಂದು ಭಾಗ. ಸಣ್ಣ ಗೆಲುವಲ್ಲ.

ಆದರೆ ಬಾಂಬ್ ನಮ್ಮ ಮಾತು ಕೇಳಬೇಕಲ್ಲ. ಪೋಲೆಂಡಿನ ಶ್ವಿನೋಯುಶ್ಚೆ ಬಳಿಯ ಕಾಲುವೆಯಲ್ಲಿ 2019ರಲ್ಲಿ ಹೂಳೆತ್ತುವಾಗ ಟಾಲ್‌ಬಾಯ್ ಎಂಬ 5.4 ಟನ್‌ನ ಬ್ರಿಟಿಷ್ ಬಾಂಬ್ ಸಿಕ್ಕಿತು. ಒಳಗೆ ಸುಮಾರು 2.4 ಟನ್ ಮದ್ದು. ಸುಮಾರು 500 ಮೀಟರ್ ದೂರದಲ್ಲಿ ಒಂದು ಸೇತುವೆ ಇತ್ತು, ಹಾಗಾಗಿ ಸಿಡಿಸುವುದು ಬೇಡ, ಸುಡೋಣ ಅಂತ ತೀರ್ಮಾನಿಸಿದರು. 2020ರ ಅಕ್ಟೋಬರ್‌ನಲ್ಲಿ, ಸುಮಾರು 750 ಜನರನ್ನು ದೂರ ಕಳಿಸಿ, ದೂರದಿಂದಲೇ ಕೆಲಸ ಶುರು ಮಾಡಿದರು. ನಡುವೆ ಸುಡುವುದು ಸ್ಫೋಟಕ್ಕೆ ತಿರುಗಿತು. ನೀರು ಕಂಬದ ಹಾಗೆ ಎದ್ದಿತು. ಯಾರಿಗೂ ಗಾಯ ಆಗಲಿಲ್ಲ, ಯಾಕೆಂದರೆ ಕೆಟ್ಟದ್ದೇ ಆಗುತ್ತದೆ ಅಂದುಕೊಂಡೇ ದೂರ ಲೆಕ್ಕ ಹಾಕಿದ್ದರು. ನಿಮ್ಮ ವಿನ್ಯಾಸದಲ್ಲೂ ಆ ಲೆಕ್ಕ ಮೊದಲು ಬರಲಿ.

ಸುಮ್ನೆ ಬಿಟ್ಟುಬಿಡಬಹುದಲ್ಲ ಅಂತ ಕೇಳುವವರೂ ಇದ್ದಾರೆ. ಅದು ಪೂರ್ತಿ ದಡ್ಡ ಮಾತಲ್ಲ. 1967ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್ ತೀರದಾಚೆ, ಮದ್ದುಗುಂಡು ತುಂಬಿಕೊಂಡು ಮುಳುಗಿದ್ದ ಕೀಲ್ಟ್ಸೆ ಎಂಬ ಪೋಲಿಷ್ ಹಡಗನ್ನು ತೆಗೆಯಲು ಹೋದಾಗ ಅದು ಸಿಡಿಯಿತು. ಭೂಕಂಪ ಮಾಪಕಗಳಲ್ಲಿ ಸುಮಾರು 4.5ರಷ್ಟು ದಾಖಲಾಯಿತು. ಆ ನೆನಪಿನಿಂದಲೇ ಥೇಮ್ಸ್ ಬಾಯಲ್ಲಿ 1944ರಲ್ಲಿ ಮುಳುಗಿದ ರಿಚರ್ಡ್ ಮಾಂಟ್ಗೊಮರಿ ಹಡಗನ್ನು, ಅದರೊಳಗಿನ ಸುಮಾರು 1,400 ಟನ್ ಸ್ಫೋಟಕದ ಸಮೇತ, ಯಾರೂ ಮುಟ್ಟುತ್ತಿಲ್ಲ. ಆದರೆ ಬಿಟ್ಟದ್ದು ಹಾಗೇ ಇರುವುದಿಲ್ಲ. ಕವಚ ತುಕ್ಕು ಹಿಡಿದು ಟಿಎನ್‌ಟಿ ಎಂಬ ಮದ್ದು ನೀರಿಗೆ ಕರಗುತ್ತದೆ. ಜರ್ಮನಿಯ ಕೀಲ್ ನಗರದ ಬಳಿಯ ಕೋಲ್ಬರ್ಗರ್ ಹೈಡೆ ಎಂಬ ಕಡಲ ಭಾಗದಲ್ಲಿ ಚಿಪ್ಪುಜೀವಿಗಳ ಮೈಯಲ್ಲೂ ಅದರ ಅಂಶ ಸಿಕ್ಕಿದೆ. ಅಲ್ಲಿಯೇ ಹಿಂದೆ ಸಿಡಿಸಿದ ಕೆಲವು ಅರೆಬರೆ ಸಿಡಿದು, ಮದ್ದಿನ ಗಟ್ಟಿಗಳು ತಳದಲ್ಲಿ ಬತ್ತಲೆ ಬಿದ್ದಿವೆ. ಹಳೆಯದಾದರೆ ಮದ್ದಿನ ಶಕ್ತಿ ಕುಂದುತ್ತದೆ ಅನ್ನುವುದೂ ನಂಬಬಾರದ ಮಾತು. ಅಮಟಾಲ್ ಎಂಬ ಮದ್ದು ವರ್ಷ ಕಳೆದ ಹಾಗೆ ಹೊಡೆತಕ್ಕೆ ಇನ್ನೂ ಸೂಕ್ಷ್ಮವಾಗುತ್ತದೆ ಅಂತ ನಾರ್ವೆಯ ಸಂಶೋಧಕರು 2024ರಲ್ಲಿ ತೋರಿಸಿದರು.

ಒಂದು ಚಿಕ್ಕ ಸಂಗತಿ ಹೇಳಿಬಿಡುತ್ತೇನೆ. ಬಾಲ್ಟಿಕ್ ತೀರದ ಉಸೆಡೋಮ್ ದ್ವೀಪದಲ್ಲಿ ಜನ ಮರಳಲ್ಲಿ ಆಂಬರ್ ಎಂಬ ಜೇನುಬಣ್ಣದ ಹರಳು ಆಯುತ್ತಾರೆ. ಹಳೆಯ ಬೆಂಕಿ ಬಾಂಬುಗಳ ಬಿಳಿ ರಂಜಕದ ತುಂಡು ನೋಡಲು ಥೇಟ್ ಆಂಬರ್. ಒದ್ದೆ ಇರುವವರೆಗೆ ತಣ್ಣಗಿರುತ್ತದೆ. ಜೇಬಿಗೆ ಹಾಕಿಕೊಂಡು ಅದು ಒಣಗಿದ ಮೇಲೆ ಹತ್ತಿಕೊಳ್ಳುತ್ತದೆ. ಹೀಗೆ ಸುಟ್ಟುಕೊಂಡವರು ಇದ್ದಾರೆ.

ಜರ್ಮನಿ ಈಗ ಮೂರನೇ ದಾರಿ ಹಿಡಿದಿದೆ: ಮೇಲೆತ್ತಿ ನಾಶ ಮಾಡುವುದು. ಹತ್ತು ಕೋಟಿ ಯೂರೋ ಇಟ್ಟು 2024ರಲ್ಲಿ ಲ್ಯೂಬೆಕ್ ಕೊಲ್ಲಿಯಲ್ಲಿ ಪ್ರಯೋಗ ಶುರು ಮಾಡಿತು. ತಳದಲ್ಲಿ ತೆವಳುವ ರೋಬಾಟ್‌ಗಳು ಗುಂಡುಗಳನ್ನು ವಿಂಗಡಿಸಿ ಪೆಟ್ಟಿಗೆಗೆ ತುಂಬಿದವು. ಮುಂದೆ ಕಡಲ ಮೇಲೆಯೇ ತೇಲುವ ಸುಡುವ ಘಟಕ ಕಟ್ಟುವುದು ಗುರಿ. ನನಗೆ ಇದೇ ಸರಿಯಾದ ದಾರಿ ಅನ್ನಿಸುತ್ತದೆ, ನಿಧಾನವಾದರೂ. ಮಜಾ ಏನೆಂದರೆ, ಅದೇ ಕೊಲ್ಲಿಯ ಹಳೆಯ ಸಿಡಿತಲೆಗಳ ಮೇಲೆ ಸುತ್ತಲಿನ ಕೆಸರಿಗಿಂತ ಜಾಸ್ತಿ ಜೀವಿಗಳು ಮನೆ ಮಾಡಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಮೆತ್ತನೆಯ ತಳದಲ್ಲಿ ಅವಕ್ಕೆ ಸಿಕ್ಕ ಗಟ್ಟಿ ನೆಲೆ ಅದೊಂದೇ. ಬಾಂಬ್ ಎತ್ತಿದ ಜಾಗಕ್ಕೆ ಬದಲಿ ಕಲ್ಲು ಇಡಬೇಕಾದೀತು.

ಇನ್ನು ನಿಮ್ಮ ಪ್ರಾಜೆಕ್ಟ್. ವಿಲೇವಾರಿಯನ್ನು ಪೂರ್ತಿ ಬಿಟ್ಟುಬಿಡಿ. ಅದು ತರಬೇತಿ ಪಡೆದ ದಳಗಳ ಕೆಲಸ. ನಿಜವಾದ ಹಳೆಯ ಗುಂಡು, ಖಾಲಿ ಅಂತ ಯಾರು ಹೇಳಿದರೂ, ಪ್ರಯೋಗಕ್ಕೆ ತರಬೇಡಿ. ನಿಮಗೆ ಅದು ಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ ಇಂಥ ಸೆನ್ಸರ್‌ಗಳನ್ನು ಪರೀಕ್ಷಿಸಲು ಗೊತ್ತಾದ ಅಳತೆಯ ಸಾಮಾನ್ಯ ಉಕ್ಕಿನ ಪೈಪ್ ತುಂಡುಗಳನ್ನೇ ಬಾಂಬಿನ ಬದಲಿಗೆ ಬಳಸುತ್ತಾರೆ. ನೀವೂ ಬೇರೆ ಬೇರೆ ಗಾತ್ರದ ಪೈಪ್, ಅವುಗಳ ಜೊತೆ ಸರಪಳಿ, ಡಬ್ಬ, ತಂತಿ ಎಲ್ಲ ಒಂದು ಕೊಳದ ತಳದಲ್ಲಿ ಹೂತಿಡಿ. ಯಾವುದು ಎಲ್ಲಿದೆ ಅಂತ ತಂಡದ ಒಬ್ಬರಿಗೆ ಮಾತ್ರ ಗೊತ್ತಿರಲಿ. ಉಳಿದ ಮೂವರು ಮ್ಯಾಗ್ನೆಟೋಮೀಟರ್ ಮತ್ತು ಅಗ್ಗದ ಸೋನಾರ್ ಎರಡೂ ಬಳಸಿ ಹುಡುಕಲಿ, ಪ್ರತಿಯೊಂದಕ್ಕೂ "ಪೈಪ್ ಅಲ್ಲ" ಅಂತ ಹೇಳಲು ಕಾರಣ ಬರೆಯಲಿ. ಕ್ಯಾಮೆರಾವನ್ನು ಕೊನೆಗೆ, ಒಂದು ಮೀಟರ್ ಹತ್ತಿರ ಹೋದ ಮೇಲೆ, ಖಾತ್ರಿಗೆ ಮಾತ್ರ ಇಟ್ಟುಕೊಳ್ಳಿ.

ಹೂಳುವ ಮುಂಚೆ ಪ್ರತಿ ತುಂಡಿಗೂ ನೈಲಾನ್ ಹಗ್ಗ ಕಟ್ಟಿ ತುದಿಯನ್ನು ದಡಕ್ಕೆ ತನ್ನಿ. ಇಲ್ಲದಿದ್ದರೆ ಪ್ರಯೋಗ ಮುಗಿದ ಮೇಲೆ ನಿಮ್ಮದೇ ಪೈಪುಗಳನ್ನು ಕೆಸರಿನಿಂದ ವಾಪಸ್ ಹುಡುಕುವುದಕ್ಕೆ ಇನ್ನೊಂದು ಸೆಮಿಸ್ಟರ್ ಬೇಕಾಗುತ್ತದೆ.